ದೇವಿಮನೆ ಘಟ್ಟ ಇಳಿಯೋ ಹಳೇ ಸ್ವಿಫ್ಟಿಗೆ ಬ್ರೇಕ್ ಕೆಲ್ಸ: ಎಂತ ತಗೊಂಡೆ, ಎಂತ ಬಿಟ್ಟೆ

ಗಾಡಿ ನಂದು 2014ರ ಸ್ವಿಫ್ಟ್ ವಿಡಿಐ, 1.3 ಲೀಟರ್ ಡೀಸೆಲ್, ಎಬಿಎಸ್ (ಜೋರು ಬ್ರೇಕಲ್ಲಿ ಚಕ್ರ ಲಾಕ್ ಆಗದಂಗೆ ತಡೆಯೋ ವ್ಯವಸ್ಥೆ) ಇಲ್ಲದ ವೇರಿಯಂಟು, ಮುಂದೆ ಡಿಸ್ಕ್ ಹಿಂದೆ ಡ್ರಮ್. ಮನೆ ಸಿರ್ಸಿ ಹತ್ರ, ಕೆಲ್ಸ ಕಾರವಾರದಲ್ಲಿ, ಹಂಗಾಗಿ ಸೋಮವಾರ ಬೆಳಿಗ್ಗೆ ಸಿರ್ಸಿ-ಕುಮಟೆ ರಸ್ತೆಯ ದೇವಿಮನೆ ಘಟ್ಟ ಇಳಿಯೋದು ಶನಿವಾರ ಸಂಜೆ ಹತ್ತೋದು, ಆರು ವರ್ಷದಿಂದ ಇದೇ ಕತೆ. ಬ್ರೇಕಿಗೆ ಅಂತ ಈ ಸಲ ದುಡ್ಡು ಹಾಕಿದ್ದು, ಎಂಟು ತಿಂಗಳಾಯ್ತು, ಒಂದು ಪೂರ್ತಿ ಮಳೆಗಾಲ ಓಡ್ಸಿ ಆಯ್ತು, ಈಗ ಬರೀಬಹುದು ಅನ್ನಿಸ್ತು. ನಮ್ಮ ಕಡೆ ಹಳೇ ಗಾಡಿ ಇಟ್ಕೊಂಡು ಅಪ್ಪ ಅಮ್ಮನ್ನ ಕೂರ್ಸ್ಕೊಂಡು ಘಟ್ಟ ಇಳಿಯೋರು ಬೇಕಷ್ಟು ಜನ ಇದ್ದಾರೆ, ಅವ್ರಿಗೆ ಉಪಯೋಗ ಆಗ್ಲಿ ಅಂತ ಉದ್ದ ಬರೀತಾ ಇದ್ದೇನೆ.

ಇದಕ್ಕೆ ಕಾರಣ ಆಗಿದ್ದು ಹೇಳ್ಬಿಡ್ತೇನೆ. ಮಳೆ ಹಿಡಿಯೋಕೆ ಮುಂಚೆ ಒಂದಿನ ಅಪ್ಪಯ್ಯ, ಆಯಿ, ಚಿಕ್ಕಪ್ಪ ಮೂರು ಜನ ಗಾಡೀಲಿ, ಡಿಕ್ಕಿ ತುಂಬ ಹಲಸಿನಕಾಯಿ, ಕುಮಟೆಗೆ ಸಂಬಂಧಿಕರ ಮನೆಗೆ ಹೊರಟಿದ್ದು. ರಾಗಿಹೊಸಳ್ಳಿ ದಾಟಿ ದೇವಿಮನೆ ದೇವಸ್ಥಾನದ ಹತ್ರ ಕೈ ಮುಗಿದು ಇಳಿಯೋಕೆ ಶುರು ಮಾಡಿದ್ರೆ ಮುಂದೆ ಕಲ್ಲು ತುಂಬಿದ ಟಿಪ್ಪರ್, ಅದು ನಿಲ್ತದೆ ಹೊರಡ್ತದೆ, ನಾನೂ ಮೂರನೇ ಗೇರಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಇದ್ದೆ. ಆಯಿ ಹಿಂದಿಂದ "ಎಂತದೋ ಸುಟ್ಟ ವಾಸನೆ ಬತ್ತಾ ಇದ್ದು ತಮಾ" ಅಂದಳು, ನಾನು ಟಿಪ್ಪರಿಂದು ಅಂದೆ. ಅದಾಗಿ ಎರಡು ತಿರುವು ಕಳೆದಿಲ್ಲ, ಪೆಡಲ್ ಒತ್ತಿದ್ರೆ ಮೆತ್ತಗೆ ಒಳಗೆ ಹೋಯ್ತು, ಹತ್ತಿ ತಲೆದಿಂಬಿಗೆ ಕಾಲಿಟ್ಟಂಗೆ. ಮತ್ತೆ ಮತ್ತೆ ಒತ್ತಿ, ಎರಡನೇ ಗೇರಿಗೆ ಎಳೆದು, ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪ ಎತ್ತಿ, ರಸ್ತೆ ಅಗಲ ಮಾಡೋಕೆ ಅಂತ ಗುಡ್ಡ ಕಡಿದಿಟ್ಟ ಜಾಗದಲ್ಲಿ ನಿಲ್ಸಿದೆ. ಮುಂದಿನ ಚಕ್ರದಿಂದ ಹೊಗೆ. ಅರ್ಧ ಗಂಟೆ ಬಿಟ್ಟು ಒತ್ತಿ ನೋಡಿದ್ರೆ ಪೆಡಲ್ ಮೊದಲಿನ ಹಂಗೇ ಗಟ್ಟಿ. ಅಪ್ಪಯ್ಯ ಒಂದು ಮಾತೂ ಬೈಯ್ಲಿಲ್ಲ, ಅವನು ಸುಮ್ನೆ ಕೂತಿದ್ದು ನೋಡಿಯೇ ನಂಗೆ ಹೊಟ್ಟೆ ಕಿವುಚಿದಂಗಾಯ್ತು.

ಆ ಅರ್ಧ ಗಂಟೆಯಲ್ಲಿ ಪೆಡಲ್ ತನ್ನಷ್ಟಕ್ಕೆ ಸರಿಯಾಯ್ತಲ್ಲ, ಅದರಲ್ಲೇ ರೋಗ ಗೊತ್ತಾಗೋದು. ಡಿಸ್ಕನ್ನ ಒತ್ತಿ ಹಿಡಿಯೋ ಪ್ಯಾಡ್ ಕಾದು ಹಿಡಿತ ಬಿಟ್ರೆ ಪೆಡಲ್ ಗಟ್ಟಿಯಾಗೇ ಇರ್ತದೆ, ಎಷ್ಟು ಒತ್ತಿದ್ರೂ ಗಾಡಿ ನಿಲ್ಲೂದಿಲ್ಲ. ಪೆಡಲ್ ಮೆತ್ತಗಾಗಿ ಒಳಗೆ ಹೋಯ್ತು ಅಂದ್ರೆ ಬ್ರೇಕ್ ಆಯಿಲ್ ಕುದ್ದಿದೆ ಅಂತ. ಆಯಿಲ್ ಕುದ್ದು, ಪ್ಯಾಡನ್ನ ಡಿಸ್ಕಿಗೆ ಒತ್ತೋ ಕ್ಯಾಲಿಪರ್ ಒಳಗೆ ಆವಿ ಗುಳ್ಳೆ ಆಗ್ತದೆ, ಆಯಿಲ್ ಒತ್ತಿದ್ರೆ ಕುಗ್ಗೂದಿಲ್ಲ ಆದ್ರೆ ಆವಿ ಕುಗ್ತದೆ, ನಾವು ಕಾಲಲ್ಲಿ ಹಾಕಿದ ಬಲ ಎಲ್ಲ ಗುಳ್ಳೆ ಕುಗ್ಗಿಸೋಕೇ ಖರ್ಚಾಗಿ ಹೋಗ್ತದೆ. ಆರಿದ ಮೇಲೆ ಆವಿ ಮತ್ತೆ ನೀರಾಗಿ ಪೆಡಲ್ ವಾಪಸ್ ಬರ್ತದೆ. ನಂ ಗಾಡಿ ಆಯಿಲ್ ಐದು ವರ್ಷ ಹಳೇದು. ನಾನು ಆಗ ಸರ್ವಿಸ್ ಮಾಡಿಸ್ತಿದ್ದ ಗ್ಯಾರೇಜಲ್ಲಿ ಪ್ರತೀ ಸಲ ಬಿಲ್ಲಲ್ಲಿ "ಬ್ರೇಕ್ ಆಯಿಲ್ ಚೆಕ್" ಅಂತ ಬರೀತಿದ್ರು, ಕಮ್ಮಿ ಆದಷ್ಟು ಮೇಲಿಂದ ಸುರೀತಿದ್ರು, ಪೂರ್ತಿ ತೆಗೆದು ಹೊಸದು ಹಾಕಿದ್ದು ಒಂದ್ಸಲಾನೂ ಇಲ್ಲ. ಈ ಆಯಿಲ್ ಗಾಳಿಯಲ್ಲಿರೋ ನೀರಿನ ಅಂಶ ಹೀರ್ಕೊಳ್ತದೆ, ಅದರ ಗುಣವೇ ಹಂಗೆ, ನಮ್ಮ ಸಿರ್ಸಿ ಮಳೆ ಕಾರವಾರದ ಸಮುದ್ರದ ಗಾಳಿ ಎರಡೂ ಸೇರಿದ್ರೆ ಕೇಳೂದೇ ಬೇಡ. ಡಾಟ್ ಅನ್ನೋದು ಬ್ರೇಕ್ ಆಯಿಲಿನ ದರ್ಜೆ, ಡಾಟ್ 4 ಆಯಿಲ್ ಹೊಸದಿದ್ದಾಗ ಕಮ್ಮಿ ಅಂದ್ರೂ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಬಾರ್ದು ಅಂತ ನಿಯಮ, ನೂರಕ್ಕೆ 3.7 ಭಾಗ ನೀರು ಸೇರಿದ ಮೇಲೆ ಆ ಮಟ್ಟ 155ಕ್ಕೆ ಇಳೀತದೆ. ಡಾಟ್ 3 ಆದ್ರೆ 205 ಮತ್ತು 140.

ಈಗ ಘಟ್ಟದ ಲೆಕ್ಕ ಕೇಳಿ. ಸಿರ್ಸಿ ಸಮುದ್ರಮಟ್ಟದಿಂದ ಹತ್ತತ್ರ 600 ಮೀಟರ್ ಎತ್ತರ, ಕುಮಟೆ ಸಮುದ್ರದ ದಡ. ಜನ, ಸಾಮಾನು ಸೇರಿ 1400 ಕೆಜಿ ಗಾಡಿ ಅಷ್ಟು ಇಳೀಬೇಕು ಅಂದ್ರೆ ಆ ಶಕ್ತಿ ಎಲ್ಲಾದ್ರೂ ಹೋಗ್ಲೇಬೇಕಲ್ಲ, ಲೆಕ್ಕ ಹಾಕಿದ್ರೆ ಬಚ್ಚಲ ಹಂಡೇಲಿ ಇಪ್ಪತ್ತೈದು ಲೀಟರ್ ತಣ್ಣೀರು ಕುದಿಯೋಕೆ ಬೇಕಾದಷ್ಟು ಬಿಸಿ ಆಗ್ತದೆ. ಅದರಲ್ಲಿ ಒಂದು ಭಾಗ ಗಾಳಿಗೆ, ಟಯರಿಗೆ, ಇಂಜಿನ್ನಿಗೆ ಹೋಗ್ತದೆ, ಉಳಿದಿದ್ದೆಲ್ಲ ಮುಂದಿನ ಎರಡು ಡಿಸ್ಕಿನ ತಲೆ ಮೇಲೆ. ಹಿಂದಿನ ಡ್ರಮ್ ಮಾಡೋದು ಸ್ವಲ್ಪವೇ ಕೆಲ್ಸ, ಬ್ರೇಕ್ ಹಾಕಿದಾಗ ಭಾರ ಪೂರಾ ಮುಂದೆ ವಾಲ್ತದಲ್ಲ. ಊರೊಳಗೆ ಓಡಿಸೋರಿಗೆ ಈ ಸಮಸ್ಯೆ ಬರೂದೇ ಇಲ್ಲ, ಎರಡು ಸಿಗ್ನಲ್ ಮಧ್ಯ ಡಿಸ್ಕ್ ಆರಿ ಹೋಗ್ತದೆ. ದೇವಿಮನೆ, ಅರಬೈಲು, ಗೇರುಸೊಪ್ಪೆ ಘಟ್ಟಗಳಲ್ಲಿ ಆರೋಕೆ ಪುರಸೊತ್ತೇ ಸಿಗೂದಿಲ್ಲ.

ಹೆದರಿಕೆ ಆದ ಮೇಲೆ ಮನುಷ್ಯ ದೊಡ್ಡದೇ ಹುಡುಕ್ತಾನೆ, ನಾನೂ ಹಂಗೇ. ದೊಡ್ಡ ಊರಿನ ಒಂದು ಮಾಡಿಫಿಕೇಶನ್ ಅಂಗಡಿಗೆ ಫೋನ್ ಮಾಡಿದ್ದಕ್ಕೆ ದೊಡ್ಡ ಡಿಸ್ಕ್, ನಾಲ್ಕು ಪಿಸ್ಟನ್ನಿನ ಕೆಂಪು ಕ್ಯಾಲಿಪರ್, ಸ್ಟೀಲ್ ಹೆಣೆದ ಪೈಪು, ಎಲ್ಲ ಸೇರಿ ಎಂಬತ್ತೈದು ಸಾವಿರ ಅಂದ್ರು. ನಂ ಗಾಡಿಗೆ 14 ಇಂಚಿನ ರಿಮ್, ಅದರೊಳಗೆ ಅದು ಕೂರೂದೇ ಇಲ್ಲ, ಅಂದ್ರೆ ರಿಮ್ಮು ಟಯರು ಬೇರೆ. ಹಿಂದೆ ಡ್ರಮ್ ಹಂಗೇ ಬಿಟ್ಟು ಮುಂದೆ ಮಾತ್ರ ಜೋರು ಮಾಡಿದ್ರೆ ಎಂತ ಆಗ್ತದೆ ಅಂತ ಕೇಳಿದೆ, ಪೆಡಲ್ ಒತ್ತಿದಾಗ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ ಅದೇ ಸಾಕಾಗ್ತದಾ ಅಂತ ಕೇಳಿದೆ, ಎರಡಕ್ಕೂ "ಎಲ್ರೂ ಹಾಕ್ಸ್ತಾರೆ ಸರ್" ಅಂತ ಒಂದೇ ಉತ್ರ. ಅಲ್ಲಿಗೇ ಬಿಟ್ಟೆ. ಕಂಪನಿ ಗಾಡಿ ಮಾಡುವಾಗ ಮುಂದೆ ಎಷ್ಟು ಹಿಂದೆ ಎಷ್ಟು ಹಿಡೀಬೇಕು ಅಂತ ಒಂದು ಲೆಕ್ಕ ಇಟ್ಟಿರ್ತದೆ. ಮುಂದೆ ಪಿಸ್ಟನ್ ದೊಡ್ಡದಾದ್ರೆ ಅದನ್ನ ತುಂಬೋಕೆ ಆಯಿಲ್ ಜಾಸ್ತಿ ಬೇಕು, ಪೆಡಲ್ ಉದ್ದ ಹೋಗ್ತದೆ. ಮುಂದಿನ ಚಕ್ರ ಬೇಗ ಲಾಕ್ ಆದ್ರೆ, ಎಬಿಎಸ್ ಇಲ್ಲದ ಗಾಡೀಲಿ, ಮಳೆಯಲ್ಲಿ, ಸ್ಟೇರಿಂಗ್ ತಿರುಗ್ಸಿದ್ರೂ ಗಾಡಿ ನೇರ ಹೋಗ್ತದೆ, ಘಟ್ಟದಲ್ಲಿ ನೇರ ಅಂದ್ರೆ ಕಣಿವೆ. ಮತ್ತೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಂತ ಒಂದಿದೆ, ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಆಗೋ ಹಂಗೆ ಗಾಡಿ ಬದಲಾಯಿಸೋದನ್ನ ಅದು ತಡೀತದೆ, ಇನ್ಶೂರೆನ್ಸಿನೋರು ಕೇಳಿದ್ರೆ ಉತ್ರ ಕೊಡೋದು ನಾವು. ಕೆಂಪು ಕ್ಯಾಲಿಪರ್ ಚಂದ ಕಾಣ್ತದೆ ಒಪ್ತೇನೆ, ಟ್ರ್ಯಾಕಲ್ಲಿ ಓಡಿಸೋರಿಗೆ ಬೇಕೇ ಬೇಕು, ಅವ್ರ ಗಾಡಿ ಬೇರೆ ಅವ್ರ ಟಯರೂ ಬೇರೆ.

ತೂತು ಹೊಡೆದ ಡಿಸ್ಕ್, ಗೀರು ಹಾಕಿದ ಡಿಸ್ಕ್ ಬಗ್ಗೆಯೂ ತುಂಬ ತಲೆ ಕೆಡಿಸ್ಕೊಂಡೆ. ಹಿಂದೆಲ್ಲ ಪ್ಯಾಡ್ ಕಾದಾಗ ಗ್ಯಾಸ್ ಬಿಡ್ತಿತ್ತು, ಅದು ಹೊರಗೆ ಹೋಗ್ಲಿ ಅಂತ ತೂತು. ಈಗಿನ ಪ್ಯಾಡಲ್ಲಿ ಆ ಸಮಸ್ಯೆ ಕಮ್ಮಿ, ತೂತು ಹೊಡೆದಷ್ಟು ಬಿಸಿ ಹೀರೋ ಕಬ್ಬಿಣ ಕಮ್ಮಿ ಆಗ್ತದೆ, ಕಾದು ಆರಿ ಕಾದು ಆರಿ ತೂತಿನ ಅಂಚಿಂದ ಬಿರುಕು ಬಿಡೋದೂ ಇದೆ. ನಂಗೆ ಬೇಕಾಗಿದ್ದು ಬಿಸಿ ತಡ್ಕೊಳ್ಳೋ ಕಬ್ಬಿಣ, ಅಂದ್ಮೇಲೆ ಕಂಪನಿ ಅಳತೆಯ ನಡುವೆ ಗಾಳಿ ಹೋಗೋ ಸಾದಾ ಡಿಸ್ಕೇ ಸರಿ. ನಂ ಹಳೇ ಡಿಸ್ಕ್ ಸವೆದು ತೆಳ್ಳಗಾಗಿತ್ತು, ಲೇತಿಗೆ ಹಾಕಿಸಿ ನೈಸ್ ಮಾಡಿಸು ಅಂತ ಒಬ್ರು ಅಂದ್ರು, ಅದ್ರಲ್ಲಿ ಇನ್ನೂ ತೆಳ್ಳಗಾಗ್ತದೆ. ಡಿಸ್ಕ್ ಮೇಲೇ ಎಷ್ಟಕ್ಕಿಂತ ತೆಳ್ಳಗಾಗಬಾರ್ದು ಅಂತ ಮಿಲಿಮೀಟರಲ್ಲಿ ಕೊರೆದಿರ್ತದೆ, ತುಕ್ಕು ಉಜ್ಜಿ ಓದಿ ನೋಡಿ.

ಪ್ಯಾಡ್ ವಿಷಯಕ್ಕೆ ನಾನು ಒಂದು ಪೆಟ್ಟು ತಿಂದೆ. ಆನ್‌ಲೈನಲ್ಲಿ ಹೆಸರುವಾಸಿ ವಿದೇಶಿ ಬ್ರಾಂಡಿನ ಸೆರಾಮಿಕ್ ಪ್ಯಾಡ್ ಅಂತ ಅರ್ಧ ರೇಟಲ್ಲಿ ಸಿಕ್ತು, ತರಿಸಿದೆ. ಡಬ್ಬಿ ಮೇಲೆ ಕಂಪನಿ ಊರಿನ ಹೆಸರಲ್ಲೇ ಅಕ್ಷರ ತಪ್ಪು, ಪ್ಯಾಡಿನ ಬೆನ್ನಿನ ತಗಡಲ್ಲಿ ಯಾವ ನಂಬ್ರವೂ ಇಲ್ಲ, ಅಂಚನ್ನ ಉಗುರಲ್ಲಿ ಕೆರೆದ್ರೆ ಪುಡಿ ಉದುರ್ತದೆ. ವಾಪಸ್ ಕಳ್ಸಿ ದುಡ್ಡು ಬರೋಕೆ ಹನ್ನೆರಡು ದಿನ ಹಿಡೀತು. ದುಡ್ಡು ಬಂತು ಅನ್ನೋದಕ್ಕಿಂತ, ನೋಡದೆ ಹಾಕಿಸಿದ್ರೆ ಎಂತ ಆಗ್ತಿತ್ತು ಅನ್ನೋದು ರಾತ್ರಿ ನಿದ್ದೆ ಕೆಡಿಸ್ತು. ಬ್ರೇಕ್ ಪ್ಯಾಡಿನ ನಕಲಿ ಮಾಡೋರು ಎಂತ ಜನ ಅಂತ ನಂಗೆ ಇವತ್ತಿಗೂ ಅರ್ಥ ಆಗಿಲ್ಲ.

ಅಲ್ಲಿಂದ ಮೇಲೆ ಪ್ಯಾಡ್ ಓದೋದು ಕಲಿತೆ, ಇದು ಎಲ್ರಿಗೂ ಗೊತ್ತಿರಬೇಕು. ಒಳ್ಳೆ ಪ್ಯಾಡಿನ ಅಂಚಲ್ಲೋ ಬೆನ್ನಲ್ಲೋ ಒಂದು ಉದ್ದ ನಂಬ್ರ, ಅದರ ಕೊನೆಗೆ ಎರಡು ಇಂಗ್ಲಿಷ್ ಅಕ್ಷರ ಇರೋದು ವಾಡಿಕೆ. ಮೊದಲನೇದು ಸಾಧಾರಣ ಬಿಸಿಯಲ್ಲಿ ಎಷ್ಟು ಹಿಡೀತದೆ, ಎರಡನೇದು ಚೆನ್ನಾಗಿ ಕಾದಾಗ ಎಷ್ಟು ಹಿಡೀತದೆ. ಇ ಅಂದ್ರೆ ಘರ್ಷಣೆ ಅಂಕ 0.25ರಿಂದ 0.35, ಎಫ್ ಅಂದ್ರೆ 0.35ರಿಂದ 0.45, ಜಿ ಅಂದ್ರೆ 0.45ರಿಂದ 0.55. ಘಟ್ಟದೋರು ನೋಡ್ಬೇಕಾದ್ದು ಎರಡನೇ ಅಕ್ಷರ, ಅದು ಮೊದಲನೇದಕ್ಕಿಂತ ಕೆಳಗೆ ಇಳಿದಿರಬಾರ್ದು. ಎಫ್ ಎಫ್ ಇದ್ರೆ ನಂ ಥರದ ಗಾಡಿಗೆ ಧಾರಾಳ. ರೇಸಿನ ಪ್ಯಾಡ್ ಹಾಕ್ಬೇಡಿ, ಅದು ಚೆನ್ನಾಗಿ ಕಾದ ಮೇಲೇ ಹಿಡಿಯೋದು, ಬೆಳಿಗ್ಗೆ ಮನೆ ಗೇಟಿಂದ ಹೊರಗೆ ಬರುವಾಗ ದನ ಅಡ್ಡ ಬಂದ್ರೆ ಅದು ಕಾಯೋ ತನಕ ದನ ನಿಲ್ತದಾ. ಮೆಟಲ್ ಜಾಸ್ತಿ ಇರೋ ಪ್ಯಾಡ್ ಬಿಸಿ ಚೆನ್ನಾಗಿ ತಡೀತದೆ, ಆದ್ರೆ ಶಬ್ದ, ಕಪ್ಪು ಧೂಳು, ಡಿಸ್ಕೂ ಬೇಗ ಸವೀತದೆ. ಸೆರಾಮಿಕ್ಕಿಗೆ ಧೂಳು ಶಬ್ದ ಕಮ್ಮಿ, ರೇಟ್ ಜಾಸ್ತಿ.

ಕೊನೆಗೆ ಹುಬ್ಬಳ್ಳಿಗೆ ಹೋದಾಗ ಅಲ್ಲಿಯ ಒಂದು ಸ್ಪೇರ್ ಅಂಗಡೀಲಿ ಎದುರಿಗೇ ಡಬ್ಬಿ ಒಡೆಸಿ ನೋಡಿ ತಗೊಂಡೆ. ಅವ್ರು ಬಾಷ್, ಟಿವಿಎಸ್ ಗರ್ಲಿಂಗ್, ಮಾರುತಿ ಒರಿಜಿನಲ್ ಮೂರೂ ಕೌಂಟರ್ ಮೇಲೆ ಇಟ್ಟು ತೋರಿಸಿದ್ರು, ಆತುರ ಮಾಡ್ಲಿಲ್ಲ, ಅದು ನಂಗೆ ಖುಷಿ ಆಯ್ತು. ಮುಂದಿನ ಪ್ಯಾಡ್ ಬಾಷ್ 1,650, ಡಿಸ್ಕ್ ಜೋಡಿ 3,900, ಹಿಂದೆ ಡ್ರಮ್ಮಿನೊಳಗೆ ಒತ್ತೋ ಬ್ರೇಕ್ ಶೂ 1,150, ಡಾಟ್ 4 ಆಯಿಲ್ ಅರ್ಧ ಲೀಟರಿನ ಬಾಟ್ಲಿ ಎರಡು ಸೇರಿ 480, ಕ್ಯಾಲಿಪರ್ ಪಿನ್ನಿನ ರಬ್ಬರ್ ಬೂಟು, ಗ್ರೀಸು 300, ಬಿಲ್ ಜಿಎಸ್‌ಟಿ ಸಮೇತ. ಡಾಟ್ 5.1 ಹಾಕ್ಬಹುದಾಗಿತ್ತು, ಅದು ಹೊಸದಿದ್ದಾಗ 260, ನೀರು ಸೇರಿದ ಮೇಲೆ 180 ಡಿಗ್ರಿ, ಡಾಟ್ 4 ಜೊತೆ ಬೆರೀತದೆ. ಆದ್ರೆ ನಾನು ಯೋಚ್ನೆ ಮಾಡಿದ್ದು, ದುಬಾರಿದು ಹಾಕಿ ನಾಲ್ಕು ವರ್ಷ ಮರೆಯೋದಕ್ಕಿಂತ ಸಾದಾ ಡಾಟ್ 4 ವರ್ಷ ವರ್ಷ ಬದಲಾಯಿಸೋದೇ ಒಳ್ಳೇದು. ಒಂದು ಎಚ್ಚರ, ಡಾಟ್ 5 ಅಂತ ಬೇರೆಯೇ ಇದೆ, ಅದು ಸಿಲಿಕೋನ್, ನಮ್ಮ ಗಾಡಿ ಆಯಿಲ್ ಜೊತೆ ಬೆರೆಸಲೇ ಬಾರ್ದು. 5 ಮತ್ತು 5.1 ಹೆಸರಲ್ಲಿ ಅಣ್ಣ ತಮ್ಮ ಇದ್ದಂಗೆ ಕಾಣ್ತದೆ, ಸಂಬಂಧವೇ ಇಲ್ಲ.

ಈಗ ಕೆಲ್ಸ ಮಾಡಿದೋರ ಬಗ್ಗೆ, ಯಾಕಂದ್ರೆ ಈ ರಿವ್ಯೂಲಿ ಐದಕ್ಕೆ ಐದು ಸ್ಟಾರ್ ಕೊಡೋದಾದ್ರೆ ಪಾರ್ಟಿಗಲ್ಲ, ಅವ್ರಿಗೆ. ಸಿರ್ಸಿಯಲ್ಲಿ ಒಬ್ರು ವಯಸ್ಸಾದ ಮೇಸ್ತ್ರಿ, ಸಣ್ಣ ಗ್ಯಾರೇಜು, ಬೋರ್ಡೂ ಮಾಸಿ ಹೋಗಿದೆ. ಪಾರ್ಟ್ ತಗೊಂಡು ಹೋಗಿ ಇಟ್ಟೆ. ಅವ್ರು ಪಾರ್ಟ್ ನೋಡ್ಲಿಲ್ಲ, ಮೊದ್ಲು ಟಯರ್ ನೋಡಿದ್ರು. "ಭಟ್ರೇ, ಬ್ರೇಕ್ ಚಕ್ರ ನಿಲ್ಲಿಸ್ತದೆ, ಗಾಡಿ ನಿಲ್ಲಿಸೋದು ಟಯರು, ಇದ್ರಲ್ಲಿ ಎಂತ ಉಳಿದದೆ" ಅಂದ್ರು. ನಂ ಟಯರ್ ಏಳು ವರ್ಷ ಹಳೇದು, ಗುಂಡಿ (ಟ್ರೆಡ್) ಇನ್ನೂ ಇತ್ತು ಆದ್ರೆ ರಬ್ಬರ್ ಕಲ್ಲಾಗಿತ್ತು. ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗ್ತದೆ ಅಂದ್ರೆ ಬ್ರೇಕಿನ ಬಲ ಈಗ್ಲೇ ಟಯರಿನ ಹಿಡಿತಕ್ಕಿಂತ ಜಾಸ್ತಿ ಇದೆ ಅಂತ, ಅಲ್ಲಿ ದೊಡ್ಡ ಬ್ರೇಕ್ ಹಾಕಿ ಎಂತ ಉಪಯೋಗ. ಇದನ್ನ ನಾನು ಎರಡು ತಿಂಗಳು ಓದಿದ್ರೂ ನಂ ಗಾಡಿ ಮುಂದೆ ನಿಂತು ಯೋಚ್ನೆ ಮಾಡಿರ್ಲಿಲ್ಲ. 165/80 ಆರ್14 ನಾಲ್ಕು ಹೊಸ ಟಯರ್, 18,400, ಮೇಲಿನ ಎಲ್ಲದಕ್ಕಿಂತ ದೊಡ್ಡ ಖರ್ಚು ಇದೇ.

ಕ್ಯಾಲಿಪರ್ ಬಿಚ್ಚಿದಾಗ ಅಸಲು ಕಳ್ಳ ಸಿಕ್ಕಿದ್ದು. ಎಡಗಡೆ ಕ್ಯಾಲಿಪರಿನ ಎರಡು ಪಿನ್ನಲ್ಲಿ ಒಂದು ಜಾಮ್, ತುಕ್ಕು ಹಿಡಿದು ಅಲ್ಲಾಡ್ತಾನೇ ಇಲ್ಲ. ಈ ಥರದ ಕ್ಯಾಲಿಪರ್ ಆ ಪಿನ್ ಮೇಲೆ ಆಚೆ ಈಚೆ ಸರಿಯೋದು, ಪಿನ್ ಜಾಮ್ ಆದ್ರೆ ಪ್ಯಾಡ್ ಡಿಸ್ಕನ್ನ ಬಿಡೂದೇ ಇಲ್ಲ, ಕಾಲು ತೆಗೆದ್ರೂ ಉಜ್ತಾ ಇರ್ತದೆ, ಬಿಸಿ ಹತ್ತೋದು ಅಲ್ಲಿಂದ. ಒಂದು ಪ್ಯಾಡ್ ತಗಡಿನ ತನಕ ಸವೆದಿತ್ತು, ಜೊತೆಗಿಂದು ಅರ್ಧ ಇತ್ತು. ಕಾರವಾರದಲ್ಲಿ ನಂ ಗಾಡಿ ನಿಲ್ಲೋ ಜಾಗದಿಂದ ಸಮುದ್ರ ಕಾಣ್ತದೆ, ಉಪ್ಪಿನ ಗಾಳಿ ಹರಿದ ರಬ್ಬರ್ ಬೂಟಿನೊಳಗೆ ಹೊಕ್ಕು ಮಾಡಿದ ಕೆಲ್ಸ ಅದು. ಮೇಸ್ತ್ರಿ ಪಿನ್ ತೆಗೆದು ಉಜ್ಜಿ ಬ್ರೇಕಿಂದೇ ಗ್ರೀಸ್ ಹಾಕಿ ಹೊಸ ಬೂಟ್ ಹಾಕಿದ್ರು. ಕ್ಯಾಲಿಪರನ್ನ ಪೈಪಲ್ಲಿ ನೇತಾಡಿಸದೆ ತಂತಿ ಕಟ್ಟಿ ಸ್ಪ್ರಿಂಗಿಗೆ ತೂಗು ಹಾಕಿದ್ರು, ಡಿಸ್ಕ್ ಕೂರೋ ಜಾಗದ ತುಕ್ಕು ವಯರ್ ಬ್ರಶ್ಶಲ್ಲಿ ತೆಗೆದ್ರು. ಅಲ್ಲಿ ಒಂದು ಚೂರು ತುಕ್ಕು ಉಳಿದ್ರೂ ಹೊಸ ಡಿಸ್ಕ್ ಓರೆ ತಿರುಗಿ ಆಮೇಲೆ ಪೆಡಲ್ ನಡುಗ್ತದಂತೆ. ಹಿಂದಿನ ಡ್ರಮ್ ಬಿಚ್ಚಿದ್ರೆ ಕೆಂಪು ಮಣ್ಣು ಹೆಪ್ಪುಗಟ್ಟಿತ್ತು, ನೀರಲ್ಲಿ ತೊಳೆದು ಒಣಗಿಸಿ ಶೂ ಹಾಕಿ ಅಡ್ಜಸ್ಟ್ ಮಾಡಿದ್ರು, ಊದಿ ಧೂಳು ಎಬ್ಬಿಸೋಕೆ ಬಿಡ್ಲಿಲ್ಲ. ಆಮೇಲೆ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು ಮಾಡಿ ನಾಲ್ಕೂ ಕಡೆ ಆಯಿಲ್ ಪೂರ್ತಿ ಇಳ್ಸಿದ್ರು, ನಾನು ಒಳಗೆ ಕೂತು ಪೆಡಲ್ ಒತ್ತೋದು ಹಿಡಿಯೋದು. ಹಳೇ ಆಯಿಲ್ ಬಾಟ್ಲೀಲಿ ಬಿದ್ದಿದ್ದು ನೋಡಿದ್ರೆ ಕಪ್ಪು ಚಾ ಕಷಾಯದ ಬಣ್ಣ. ಮಜೂರಿ 1,800 ತಗೊಂಡ್ರು, ನಾನು ಜಾಸ್ತಿ ಕೊಟ್ಟಿದ್ದನ್ನ ವಾಪಸ್ ಕೊಟ್ರು.

ಹೊಸ ಪ್ಯಾಡ್ ಹಾಕಿದ ದಿನವೇ ಘಟ್ಟ ಇಳೀಬೇಡಿ. ಬನವಾಸಿ ರಸ್ತೇಲಿ ಬೆಳಿಗ್ಗೆ ಗಾಡಿ ಕಮ್ಮಿ ಇರುವಾಗ, ಹಿಂದೆ ಯಾರೂ ಇಲ್ಲ ಅಂತ ನೋಡ್ಕೊಂಡು, 60ರಿಂದ 10ಕ್ಕೆ ಇಳ್ಸೋದು, ಪೂರ್ತಿ ನಿಲ್ಸದೆ ಮತ್ತೆ 60ಕ್ಕೆ ಹೋಗೋದು, ಹತ್ತು ಸಲ, ಆಮೇಲೆ ಬ್ರೇಕ್ ಮುಟ್ಟದೆ ಹತ್ತು ನಿಮಿಷ ಸುಮ್ನೆ ಓಡ್ಸಿ ಆರಿಸೋದು. ಪ್ಯಾಡಿನ ಒಂದು ತೆಳ್ಳನೆ ಪದರ ಡಿಸ್ಕ್ ಮೇಲೆ ಸಮನಾಗಿ ಕೂರ್ಲಿ ಅಂತ ಇದು. ಆರನೇ ಸಲಕ್ಕೆ ಹಿಡಿತ ಬಂದಿದ್ದು ಕಾಲಿಗೇ ಗೊತ್ತಾಯ್ತು.

ಎಂಟು ತಿಂಗಳಲ್ಲಿ ಕಂಡಿದ್ದು ಹೇಳ್ತೇನೆ. ಪೆಡಲ್ ಮೇಲೇ ಗಟ್ಟಿ ಸಿಗ್ತದೆ, ಘಟ್ಟದ ಬುಡದ ಕತಗಾಲಕ್ಕೆ ಬಂದು ಮುಟ್ಟಿದಾಗ್ಲೂ ಸಿರ್ಸೀಲಿ ಇದ್ದಂಗೇ ಇರ್ತದೆ, ನಂಗೆ ಬೇಕಾಗಿದ್ದು ಇಷ್ಟೇ. ಮಳೆಯಲ್ಲಿ ನಿಲ್ಲೋದು ಚೆನ್ನಾಗಾಗಿದ್ದು ಟಯರಿಂದ, ಅದನ್ನ ಪ್ಯಾಡಿನ ಖಾತೆಗೆ ಹಾಕೂದಿಲ್ಲ. ಸಪಾಟು ರಸ್ತೇಲಿ ಒಂದ್ಸಲ ಜೋರು ಬ್ರೇಕ್ ಹಾಕಿದ್ರೆ ಹೊಸ ಪ್ಯಾಡಿಂದ ಅಂತ ಹೇಳೋ ವ್ಯತ್ಯಾಸ ಕಾಣೂದಿಲ್ಲ, ವ್ಯತ್ಯಾಸ ಇರೋದು ಇಪ್ಪತ್ತನೇ ಸಲ ಹಾಕಿದಾಗ. ಕೊರತೆ ಅಂದ್ರೆ ಕಾರವಾರದಲ್ಲಿ ರಾತ್ರಿ ನಿಂತ ಗಾಡಿ ಬೆಳಿಗ್ಗೆ ಡಿಸ್ಕ್ ಮೇಲೆ ಕೆಂಪು ತುಕ್ಕು ಹಿಡಿದಿರ್ತದೆ, ಮೊದಲ ಎರಡು ಮೂರು ಬ್ರೇಕಿಗೆ ಕರ್ ಅಂತದೆ, ಆಮೇಲೆ ಸರಿ. ಅಂಕೋಲೆ ಕಡೆ ಹೆದ್ದಾರೀಲಿ ಮಳೆ ನೀರಲ್ಲಿ ತುಂಬ ಹೊತ್ತು ಬ್ರೇಕ್ ಹಾಕದೆ ಓಡ್ಸಿದ್ರೆ ಮೊದಲ ಒತ್ತಿಗೆ ಒಂದು ಕ್ಷಣ ತಡ ಆಗ್ತದೆ, ಆಗಾಗ ಹಗುರಕ್ಕೆ ಮುಟ್ಟಿ ಒಣಗಿಸ್ಕೊಳ್ಬೇಕು. ರಿಮ್ ಮೇಲೆ ಧೂಳು ಮೊದಲಿಗಿಂತ ಸ್ವಲ್ಪ ಜಾಸ್ತಿ. ಸ್ಟೀಲ್ ಹೆಣೆದ ಪೈಪ್ ಹಾಕಿಸ್ಲಿಲ್ಲ, ಹಳೇ ರಬ್ಬರ್ ಪೈಪಲ್ಲಿ ಬಿರುಕಿಲ್ಲ ಅಂತ ಮೇಸ್ತ್ರಿ ಬಗ್ಗಿಸಿ ತೋರಿಸಿದ್ರು.

ಓಡಿಸೋ ರೀತಿಯೂ ಬದಲಾಯ್ಸ್ಕೊಂಡೆ. ದೇವಿಮನೆ ದೇವಸ್ಥಾನ ದಾಟ್ತಿದ್ದಂಗೆ ಎರಡನೇ ಗೇರು, ಡೀಸೆಲ್ ಇಂಜಿನ್ನು ಪೆಟ್ರೋಲಿನಷ್ಟು ಹಿಡ್ಕೊಳ್ಳೂದಿಲ್ಲ ಆದ್ರೂ ಎರಡನೇ ಗೇರಲ್ಲಿ ಸಾಕಷ್ಟು ಹಿಡೀತದೆ. ಬ್ರೇಕ್ ಒಂದ್ಸಲ ಸರಿಯಾಗಿ ಹಾಕೋದು ಬಿಡೋದು, ಕಾಲಿಟ್ಕೊಂಡೇ ಇಳಿಯೋದು ನಿಲ್ಸಿದೆ. ಹಿಂದಿನೋರು ಹಾರ್ನ್ ಹೊಡೆದ್ರೆ ಹೊಡೀಲಿ, ಜಾಗ ಸಿಕ್ಕಲ್ಲಿ ಬದಿಗೆ ನಿಂತು ಮುಂದೆ ಬಿಡ್ತೇನೆ.

ಒಟ್ಟು ಖರ್ಚು ಟಯರ್ ಬಿಟ್ಟು 9,280, ಟಯರ್ ಸೇರಿ 27,680. ಯಾರಿಗಾದ್ರೂ ಕೈಯಲ್ಲಿ ಒಂದೇ ಸಾವಿರ ಇದ್ರೆ ಆಯಿಲ್ ಪೂರ್ತಿ ಬದಲಾಯ್ಸಿ ಪಿನ್ ಬಿಚ್ಚಿ ಗ್ರೀಸ್ ಮಾಡಿಸಿ, ಬೇರೆ ಎಲ್ಲ ಅದರ ನಂತ್ರ. ಮೇಸ್ತ್ರಿ ಆಯಿಲ್ ಡಬ್ಬಿ ಮೇಲೆ ಬಿಳಿ ಪೇಂಟಲ್ಲಿ ತಾರೀಕು ಬರ್ದಿದ್ದಾರೆ, ಮುಂದಿನ ಮೇ ತಿಂಗಳು ಮಳೆಗೆ ಮುಂಚೆ ಬಾ ಅಂದಿದ್ದಾರೆ. ಅವ್ರ ಹತ್ರ ಹೋಗೋರು ಬೆಳಿಗ್ಗೆ ಒಂಬತ್ತಕ್ಕೇ ಹೋಗಿ, ಮಧ್ಯಾಹ್ನ ಊಟದ ಮೇಲೆ ಅವ್ರು ಬ್ರೇಕ್ ಕೆಲ್ಸ ಹಿಡಿಯೂದಿಲ್ಲ, ಬೆಳಕಿರುವಾಗ್ಲೇ ತಾವೇ ಓಡ್ಸಿ ನೋಡದೆ ಗಾಡಿ ಕೊಡೂದಿಲ್ಲ.